ಒಂದೇ ಕೊಠಡಿಯಲ್ಲಿ ಕುಳಿತರೆ ಸಾಕೆ?

ಒಂದು ಗಾಜಿನ ಸೀಸೆಯಲ್ಲಿ ಅರ್ಧದಷ್ಟು ನೀರನ್ನು ತೆಗೆದುಕೊಂಡು ಅದರ ಮೇಲೆ ಸ್ವಲ್ಪ ಎಣ್ಣೆಯನ್ನು ಸುರಿಯಿರಿ. ಎಣ್ಣೆಯು ಮೇಲೆ ತೇಲುತ್ತದೆ. ಬಿರಡೆಯನ್ನು ಬಿಗಿದು ಬಲವಾಗಿ ಕುಲುಕಿದರೆ ಎರಡೂ ಕಲೆತುಹೋದಂತೆ ತೋರುತ್ತದೆ. ಆದರೆ ಸೀಸೆಯನ್ನು ಕೆಲವು ನಿಮಿಷಗಳ ಕಾಲ ಅಲುಗಿಸದೆ ಬಿಟ್ಟರೆ ನೀರು ಕೆಳಗೆ, ಎಣ್ಣೆ ಮೇಲೆ ಎಂದು ಮತ್ತೆ ಬೇರೆಯಾಗಿ ನಿಲ್ಲುತ್ತವೆ. ಒಂದೇ ಪಾತ್ರೆಯಲ್ಲಿರುವುದು ಬೇರೆ, ಬೆರೆಯುವುದು ಬೇರೆ ಎಂಬುದನ್ನು ತಿಳಿಯಲು ಇಷ್ಟು ಸಾಕು.

ನಮ್ಮ ಶಾಲಾ ಕಾಲೇಜುಗಳಿಗೂ ಈ ಮಾತು ಅನ್ವಯಿಸುತ್ತದೆ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೫ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ರಾಜ್ಯವು ಭೇದವೆಣಿಸುವುದನ್ನು ನಿಷೇಧಿಸುತ್ತದೆ. ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ೬ರಿಂದ ೧೪ ವರ್ಷದ ಮಕ್ಕಳೆಲ್ಲರಿಗೂ ಶಾಲೆಯ ಬಾಗಿಲನ್ನು ತೆರೆಯಿತು. ಹೀಗೆ ಕಾನೂನು ಎಲ್ಲ ಮಕ್ಕಳನ್ನೂ ಒಂದೇ ಕೊಠಡಿಗೆ ಕರೆತಂದಿತು. ಆದರೆ ಬೆಂಚಿನ ಮೇಲೆ ಯಾರ ಪಕ್ಕದಲ್ಲಿ ಯಾರು ಕುಳಿತುಕೊಳ್ಳುವರು? ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಯಾರ ನೆರೆಯಲ್ಲಿ ಯಾರ ತಟ್ಟೆ? ಪ್ರಯೋಗಶಾಲೆಯಲ್ಲಿ ಜೊತೆಗಾರನನ್ನು ಆರಿಸಿಕೊಳ್ಳಿರೆಂದಾಗ ಯಾರು ಕೊನೆಯವರೆಗೂ ಉಳಿದುಬಿಡುವರು? ಇವು ಕಾನೂನಿನ ಕಣ್ಣಿಗೆ ಸುಲಭವಾಗಿ ಬೀಳದ ಸಂಗತಿಗಳು. ಇಲ್ಲಿ ಬೇರ್ಪಟ್ಟು ಬೆಳೆದ ಮಕ್ಕಳೇ ಮುಂದೆ ಊರಿನ ಕೇರಿಗಳಲ್ಲಿ ಬೇರೆಬೇರೆಯಾಗಿ ನಿಲ್ಲುತ್ತಾರೆ. ಅಲ್ಲಿ ಕಿಡಿ ಬಿದ್ದಾಗ ಕೈ ಮೇಲೇಳುವುದಕ್ಕೆ ತಡವಾಗುವುದಿಲ್ಲ.

ಹಾಗಾದರೆ ಮನಸ್ಸುಗಳನ್ನು ಬೆರೆಸುವ ವಸ್ತು ಯಾವುದು? ಇದು ನೀತಿಬೋಧಕರಿಗೆ ಬಿಡತಕ್ಕ ಪ್ರಶ್ನೆಯೆಂದು ಕೆಲವರು ಭಾವಿಸಬಹುದು. ಆದರೆ ಶಾಖವನ್ನೂ ಬೆಳಕನ್ನೂ ಅಳೆದಂತೆ, ಜನರ ನಡತೆಯನ್ನೂ ಅಳೆದು ನೋಡಲು ಸಾಧ್ಯವಿದೆ. ಕಳೆದ ಎಪ್ಪತ್ತು ವರ್ಷಗಳಲ್ಲಿ ಇಂತಹ ಅನೇಕ ಪ್ರಯೋಗಗಳು ನಡೆದಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸೋಣ.

ಭೇದವು ಹುಟ್ಟುವ ಬಗೆ

ಹೆನ್ರಿ ಟಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞನು ಪೋಲೆಂಡಿನಲ್ಲಿ ಹುಟ್ಟಿದ ಯೆಹೂದಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನ ಹತ್ತಿರದ ಬಂಧುಗಳು ನಾಜಿಗಳ ಕೈಯಲ್ಲಿ ಹತರಾದರು. ಮನುಷ್ಯನು 'ನಮ್ಮವರು', 'ಅವರು' ಎಂದು ಗೆರೆ ಎಳೆಯುವುದಕ್ಕೆ ಕನಿಷ್ಠಪಕ್ಷ ಏನು ಬೇಕು ಎಂಬ ಪ್ರಶ್ನೆ ಅವನನ್ನು ಕಾಡಿತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ೧೪-೧೫ ವರ್ಷದ ಹುಡುಗರ ಮುಂದೆ ಪರದೆಯ ಮೇಲೆ ಚುಕ್ಕೆಗಳ ಸಮೂಹವನ್ನು ಕ್ಷಣಕಾಲ ತೋರಿಸಿ, ಎಷ್ಟು ಚುಕ್ಕೆಗಳಿದ್ದುವೆಂದು ಊಹಿಸುವಂತೆ ಹೇಳಲಾಯಿತು. ಬಳಿಕ, 'ನೀನು ಹೆಚ್ಚು ಎಣಿಸುವವರ ಗುಂಪಿನವನು', 'ನೀನು ಕಡಮೆ ಎಣಿಸುವವರ ಗುಂಪಿನವನು' ಎಂದು ಒಬ್ಬೊಬ್ಬನಿಗೂ ತಿಳಿಸಿದರು. ವಾಸ್ತವವಾಗಿ ಈ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ; ಅದು ಚೀಟಿ ಎತ್ತಿದಂತೆ ಮಾಡಿದ ಹಂಚಿಕೆ. ಅನಂತರ, ತನಗಲ್ಲದೆ ಇತರ ಇಬ್ಬರಿಗೆ ಸ್ವಲ್ಪ ಹಣವನ್ನು ಹಂಚುವಂತೆ ಪ್ರತಿಯೊಬ್ಬನಿಗೂ ಹೇಳಲಾಯಿತು. ಆ ಇಬ್ಬರ ಹೆಸರು ಅವನಿಗೆ ತಿಳಿಯದು. ಗುಂಪು ಮಾತ್ರ ತಿಳಿದಿತ್ತು. ಹೆಚ್ಚಿನ ಹುಡುಗರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ೧೯೭೦ರಲ್ಲಿ ಪ್ರಕಟವಾದ ಈ ಫಲಿತಾಂಶದ ಇನ್ನೊಂದು ಭಾಗವು ಮತ್ತಷ್ಟು ಆಶ್ಚರ್ಯಕರವಾದುದು. ಎಲ್ಲರಿಗೂ ಹೆಚ್ಚು ಸಿಗುವ ಹಂಚಿಕೆಗಿಂತ, ತಮ್ಮವರಿಗೆ ಸ್ವಲ್ಪ ಕಡಮೆಯಾದರೂ ಚಿಂತೆಯಿಲ್ಲ, ಅವರಿಗಿಂತ ಹೆಚ್ಚಿದ್ದರೆ ಸಾಕು ಎಂಬ ಹಂಚಿಕೆಯ ಕಡೆಗೆ ಹುಡುಗರ ಒಲವಿತ್ತು.

ಹಿಂದಿನ ವೈರವಾಗಲಿ, ನಿಜವಾದ ವ್ಯತ್ಯಾಸವಾಗಲಿ ಇಲ್ಲದೆಯೇ, ಬರಿಯ ಹೆಸರಿನಿಂದ ಪಕ್ಷಪಾತವು ಹುಟ್ಟಬಲ್ಲುದೆಂದು ಇದರಿಂದ ತಿಳಿಯುತ್ತದೆ. ಹೀಗಿರುವಾಗ, ತಲೆತಲಾಂತರದಿಂದ ಬಂದ, ಮೇಲುಕೀಳೆಂಬ ಮುದ್ರೆ ಬಿದ್ದ ಹೆಸರುಗಳ ಪ್ರಭಾವ ಎಷ್ಟಿರಬೇಡ!

ಹೆಸರು ಮಾಡುವ ಗಾಯ

ಈ ಪ್ರಭಾವವನ್ನು ನಮ್ಮ ದೇಶದಲ್ಲಿಯೇ ಅಳೆದವರುಂಟು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮೇಲ್ಜಾತಿಯೆನಿಸಿದ ೩೨೧, ಕೆಳಜಾತಿಯೆನಿಸಿದ ೩೨೧ ಶಾಲಾ ಬಾಲಕರಿಗೆ ಕಾಗದದ ಮೇಲೆ ಬರೆದ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದಷ್ಟಕ್ಕೆ ಹಣದ ಬಹುಮಾನ. ಜಾತಿಯನ್ನು ಹೇಳದೆ ಇದ್ದಾಗ ಎರಡು ವರ್ಗದವರ ಸಾಧನೆಯಲ್ಲಿಯೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಆರು ಮಂದಿಯ ಗುಂಪಿನಲ್ಲಿ, ಎಲ್ಲರ ಎದುರಿಗೆ, ಹೆಸರಿನೊಂದಿಗೆ ತಂದೆಯ ಹೆಸರು, ಅಜ್ಜನ ಹೆಸರು, ಜಾತಿ ಇವುಗಳನ್ನು ಓದಿ ಹೇಳಿದ ಬಳಿಕ ಅದೇ ಆಟವನ್ನು ಆಡಿಸಿದಾಗ ಕೆಳಜಾತಿಯ ಬಾಲಕರ ಸಾಧನೆ ಕುಸಿಯಿತು. ಬುದ್ಧಿ ಅದೇ, ಕಾಗದ ಅದೇ, ಬಹುಮಾನ ಅದೇ. ಬದಲಾದುದು ಒಂದೇ: ಉಳಿದವರು ತನ್ನನ್ನು ಹೇಗೆ ಕಾಣುವರೆಂಬ ಅರಿವು.

ಈ ಅಧ್ಯಯನದ ಒಂದು ವರದಿ ೨೦೦೬ರಲ್ಲಿ ಪ್ರಕಟವಾಯಿತು. ತುಂಬಿದ ತರಗತಿಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿಸಮೇತ ಗಟ್ಟಿಯಾಗಿ ಓದುವ ಅಧ್ಯಾಪಕರು ಇದನ್ನು ಒಮ್ಮೆ ಆಲೋಚಿಸಬೇಕು. 'ಆ ಹುಡುಗ ಓದಿನಲ್ಲಿ ಮಂಕು' ಎಂದು ತೀರ್ಮಾನಿಸುವ ಮೊದಲು, ಆ ಮಂಕು ಅವನದೋ, ಕೊಠಡಿಯ ಗಾಳಿಯದೋ ಎಂದು ಕೇಳಿಕೊಳ್ಳುವುದು ಉಚಿತ.

ಹಗ್ಗ ಒಂದೇ, ಎಳೆಯುವ ದಿಕ್ಕು ಬೇರೆ

ಮಕ್ಕಳನ್ನು ಒಟ್ಟಿಗೆ ಸೇರಿಸಿದ ಮಾತ್ರಕ್ಕೆ ಈ ರೋಗ ವಾಸಿಯಾಗುವುದೆ? ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಮುಜಫರ್ ಶೆರಿಫನು ೧೯೫೪ರ ಬೇಸಗೆಯಲ್ಲಿ ಒಕ್ಲಹೋಮಾ ಸಂಸ್ಥಾನದ ಒಂದು ಶಿಬಿರದಲ್ಲಿ ಇದನ್ನು ಪರೀಕ್ಷಿಸಿದನು. ಸುಮಾರು ೧೧ ವರ್ಷದ ೨೨ ಹುಡುಗರನ್ನು ಎರಡು ತಂಡಗಳಾಗಿ ಮಾಡಿ ಬೇರೆಬೇರೆ ಇರಿಸಿದನು. ಬಳಿಕ ಅವರ ನಡುವೆ ಪಂದ್ಯಗಳನ್ನು ಏರ್ಪಡಿಸಿದನು. ಕೆಲವೇ ದಿನಗಳಲ್ಲಿ ಬೈಗುಳ, ಎದುರಾಳಿಯ ಬಾವುಟವನ್ನು ಸುಡುವುದು, ಕುಟೀರಗಳ ಮೇಲೆ ದಾಳಿ ಎಲ್ಲವೂ ನಡೆದುವು. ಅನಂತರ ಎರಡು ತಂಡಗಳನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಚಲನಚಿತ್ರ ತೋರಿಸಿದರು. ವೈರ ತಗ್ಗಲಿಲ್ಲ, ಊಟದ ಮನೆಯಲ್ಲಿ ಆಹಾರವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು.

ಆಗ ಶೆರಿಫನು ಉಪಾಯವನ್ನು ಬದಲಿಸಿದನು. ಶಿಬಿರಕ್ಕೆ ನೀರು ಬಾರದಂತಾಯಿತು. ಕೊಳಾಯಿಯ ದೋಷವನ್ನು ಹುಡುಕಲು ಎರಡು ತಂಡಗಳೂ ಹೊರಡಬೇಕಾಯಿತು. ಊಟ ತರಬೇಕಾದ ಲಾರಿ ನಿಂತುಹೋಯಿತು. ಎಲ್ಲರೂ ಸೇರಿ ಎಳೆದಲ್ಲದೆ ಅದು ಚಲಿಸದು. ಹಿಂದೆ ಪರಸ್ಪರ ಎದುರಾಗಿ ಜಗ್ಗಾಡಿದ ಅದೇ ಹಗ್ಗವನ್ನು ಈಗ ಎರಡು ತಂಡಗಳೂ ಒಂದೇ ದಿಕ್ಕಿಗೆ ಎಳೆದುವು. ಇಂತಹ ಕೆಲಸಗಳು ಒಂದಾದ ಮೇಲೊಂದು ಬಂದಂತೆ ವೈರ ಕರಗಿತು. ಶಿಬಿರ ಮುಗಿದಾಗ ಹುಡುಗರು ಒಂದೇ ಬಸ್ಸಿನಲ್ಲಿ ಹಿಂದಿರುಗಿದರು. ಮಕ್ಕಳಿಗೆ ತಿಳಿಸದೆ ಅವರಲ್ಲಿ ಹಗೆಯನ್ನು ಹುಟ್ಟಿಸುವ ಇಂತಹ ಪ್ರಯೋಗಕ್ಕೆ ಇಂದಿನ ನೀತಿನಿಯಮಗಳು ಒಪ್ಪಿಗೆ ಕೊಡಲಾರವು. ಇಪ್ಪತ್ತೆರಡು ಮಂದಿಯಿಂದ ಲೋಕಕ್ಕೆಲ್ಲ ಅನ್ವಯಿಸುವ ನಿಯಮವನ್ನು ಕಟ್ಟುವುದೂ ಸಲ್ಲದು.

ಆದುದರಿಂದ ಇತರ ಸಾಕ್ಷ್ಯಗಳನ್ನೂ ನೋಡಬೇಕು. ಉತ್ತರ ಪ್ರದೇಶದಲ್ಲಿಯೇ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞನು ವಿವಿಧ ಜಾತಿಗಳ ೧,೨೬೧ ಯುವಕರನ್ನು ಸೇರಿಸಿ, ಕೆಲವರನ್ನು ಒಂದು ತಿಂಗಳ ಕ್ರಿಕೆಟ್ ಪಂದ್ಯಾವಳಿಯಲ್ಲಿ ಆಡಿಸಿದನು. ಉಳಿದವರು ಹೋಲಿಕೆಗಾಗಿ ಹೊರಗೆ ಉಳಿದರು. ಯಾರು ಯಾವ ತಂಡಕ್ಕೆ ಎಂಬುದು ಆಯ್ಕೆಯಿಂದಲ್ಲ, ಆಕಸ್ಮಿಕದಿಂದ ನಿರ್ಧಾರವಾಯಿತು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶವಿದು: ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿಯನ್ನು ಮೀರಿದ ಸ್ನೇಹ ಹೆಚ್ಚಿತು, ಸ್ವಜಾತಿಯ ಪಕ್ಷಪಾತ ಕಡಮೆಯಾಯಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಕಂಡವರಲ್ಲಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಪರಿಣಾಮ ಕಂಡಿತು. ಮೈದಾನ ಒಂದೇ, ಚೆಂಡು ಒಂದೇ. ಫಲ ಮಾತ್ರ ಬೇರೆ.

ಪಾಠವನ್ನು ತುಂಡು ಮಾಡಿ ಹಂಚುವುದು

ಈಗ ತರಗತಿಗೆ ಬರೋಣ. ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಸರಕಾರಿ ಶಾಲೆಗಳಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಶ್ರೇಷ್ಠ ನ್ಯಾಯಾಲಯವು ೧೯೫೪ರಲ್ಲಿ ತೀರ್ಪಿತ್ತಿತು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ೧೯೭೧ರಲ್ಲಿ ಬಿಳಿಯರ, ಕರಿಯರ, ಮೆಕ್ಸಿಕೋ ಮೂಲದವರ ಮಕ್ಕಳು ಒಂದೇ ಕೊಠಡಿಗೆ ಬಂದಾಗ ಜಗಳಗಳು ತಲೆದೋರಿದುವು. ಎಲಿಯಟ್ ಅರಾನ್ಸನ್ ಎಂಬ ಪ್ರಾಧ್ಯಾಪಕನು ತರಗತಿಗಳಲ್ಲಿ ಕುಳಿತು ನೋಡಿದನು. ಅಧ್ಯಾಪಕರು ಪ್ರಶ್ನೆ ಕೇಳುವರು. ಹತ್ತಾರು ಕೈಗಳು ಮೇಲೇಳುವುವು. ಒಬ್ಬನು ತಪ್ಪು ಹೇಳಿದರೆ ಉಳಿದವರಿಗೆ ಸಂತೋಷ. ಇದು ಶೆರಿಫನ ಶಿಬಿರದ ಪಂದ್ಯವೇ ಅಲ್ಲವೆ?

ಅರಾನ್ಸನ್ ಮತ್ತು ಅವನ ವಿದ್ಯಾರ್ಥಿಗಳು ಕಂಡುಕೊಂಡ ಉಪಾಯವನ್ನು ನಮ್ಮ ಪಾಠವೊಂದರ ಮೂಲಕ ವಿವರಿಸಬಹುದು. 'ಉಷ್ಣ' ಎಂಬ ಅಧ್ಯಾಯದಲ್ಲಿ ವಹನ, ಸಂವಹನ, ವಿಕಿರಣ, ವ್ಯಾಕೋಚನ, ಉಷ್ಣಮಾಪನ, ಅವಸ್ಥಾಂತರ ಎಂದು ಆರು ಭಾಗಗಳಿವೆಯೆನ್ನೋಣ. ಮೂವತ್ತು ಮಂದಿಯ ತರಗತಿಯನ್ನು ಆರಾರು ಮಂದಿಯ ಐದು ತಂಡಗಳಾಗಿ ಮಾಡಬೇಕು. ಪ್ರತಿ ತಂಡದಲ್ಲಿಯೂ ಬೇರೆಬೇರೆ ಕೇರಿಗಳ, ಬೇರೆಬೇರೆ ಮನೆಮಾತಿನ, ಹುಡುಗ ಹುಡುಗಿಯರಿಬ್ಬರೂ ಇರುವಂತೆ ಅಧ್ಯಾಪಕರೇ ನೋಡಿಕೊಳ್ಳಬೇಕು. ತಂಡದ ಒಬ್ಬೊಬ್ಬರಿಗೂ ಒಂದೊಂದು ಭಾಗ ಮಾತ್ರ ಸಿಗುತ್ತದೆ. ಮೊದಲು, 'ವಹನ' ದೊರೆತ ಐವರು ಒಂದೆಡೆ ಕುಳಿತು ಅದನ್ನು ಚೆನ್ನಾಗಿ ಕಲಿಯುತ್ತಾರೆ. ಉಳಿದ ಭಾಗಗಳವರೂ ಹಾಗೆಯೇ. ಬಳಿಕ ಪ್ರತಿಯೊಬ್ಬರೂ ತಮ್ಮ ತಂಡಕ್ಕೆ ಮರಳಿ ಉಳಿದ ಐವರಿಗೆ ಪಾಠ ಹೇಳುತ್ತಾರೆ. ಕೊನೆಗೆ ಇಡೀ ಅಧ್ಯಾಯದ ಮೇಲೆ ಎಲ್ಲರಿಗೂ ಪ್ರತ್ಯೇಕವಾಗಿ ಪರೀಕ್ಷೆ.

ಇದರ ಒಳಗುಟ್ಟು ಸುಲಭ. 'ವಿಕಿರಣ' ಹೇಳುವವಳು ಯಾವ ಮನೆಯವಳಾದರೇನು, ಅವಳ ಮಾತನ್ನು ಗಮನವಿಟ್ಟು ಕೇಳದೆ ಉಳಿದವರಿಗೆ ಗತಿಯಿಲ್ಲ. ಅವಳು ತಡವರಿಸಿದರೆ ಹೀಯಾಳಿಸುವುದರಿಂದ ನಷ್ಟ, ಪ್ರಶ್ನೆ ಕೇಳಿ ನೆರವಾಗುವುದರಿಂದ ಲಾಭ. ಕೆಲವು ವಾರಗಳಲ್ಲಿಯೇ ಆಸ್ಟಿನ್ನಿನ ಮಕ್ಕಳಲ್ಲಿ ಪರಸ್ಪರ ವಿಶ್ವಾಸ ಹೆಚ್ಚಿತು. ಅಲ್ಪಸಂಖ್ಯಾತ ಮಕ್ಕಳ ಅಂಕಗಳು ಏರಿದುವು. ಬಿಳಿಯ ಮಕ್ಕಳ ಅಂಕಗಳು ಇಳಿಯಲಿಲ್ಲ. ಸೋಪಿನ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಹಿಡಿದುಕೊಳ್ಳುವಂತೆ, ಇಲ್ಲಿ ಹಂಚಿಕೊಂಡ ಕೆಲಸವು ಇಬ್ಬರನ್ನೂ ಹಿಡಿದುಕೊಳ್ಳುತ್ತದೆ.

ನಾಲ್ಕು ನಿಬಂಧನೆಗಳು

ಗಾರ್ಡನ್ ಆಲ್ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞನು ೧೯೫೪ರಲ್ಲಿಯೇ ಪೂರ್ವಗ್ರಹವನ್ನು ಕುರಿತ ತನ್ನ ಗ್ರಂಥದಲ್ಲಿ, ಒಡನಾಟವು ಫಲಕೊಡಲು ನಾಲ್ಕು ಅನುಕೂಲಗಳನ್ನು ಸೂಚಿಸಿದ್ದನು: ಸೇರಿದವರಿಗೆ ಅಲ್ಲಿ ಸಮಾನ ಸ್ಥಾನವಿರಬೇಕು, ಎಲ್ಲರಿಗೂ ಒಂದೇ ಗುರಿಯಿರಬೇಕು, ಆ ಗುರಿಯನ್ನು ಸಹಕಾರದಿಂದ ಸಾಧಿಸಬೇಕು, ಅಧಿಕಾರದಲ್ಲಿರುವವರು ಇದನ್ನು ಬಹಿರಂಗವಾಗಿ ಬೆಂಬಲಿಸಬೇಕು. ೨೦೦೬ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬ ವಿದ್ವಾಂಸರು ೫೧೫ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಸಾಮಾನ್ಯವಾಗಿ ಕಡಮೆಯಾಗುವುದೆಂದೂ, ಈ ಅನುಕೂಲಗಳಿದ್ದಲ್ಲಿ ಇನ್ನೂ ಹೆಚ್ಚು ಕಡಮೆಯಾಗುವುದೆಂದೂ ಕಂಡುಬಂತು.

'ಬಡಮಕ್ಕಳು ಬಂದರೆ ನಮ್ಮ ಮಕ್ಕಳ ಓದು ಕೆಡುವುದಿಲ್ಲವೆ?' ಎಂದು ಕೇಳುವ ತಂದೆತಾಯಿಗಳಿದ್ದಾರೆ. ದೆಹಲಿಯ ಖಾಸಗಿ ಶಾಲೆಗಳು ಬಡಮಕ್ಕಳಿಗೂ ಸ್ಥಾನ ಕೊಡಬೇಕೆಂಬ ನಿಯಮ ೨೦೦೭ರಲ್ಲಿ ಜಾರಿಗೆ ಬಂದಾಗ, ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞನು ಇದನ್ನೂ ಅಳೆದನು. ಬಡ ಸಹಪಾಠಿಗಳೊಡನೆ ಓದಿದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ಓಟದ ಪಂದ್ಯಕ್ಕೆ ಜೊತೆಗಾರರನ್ನು ಆರಿಸುವಾಗ ಬಡವರೆಂಬ ಕಾರಣಕ್ಕೆ ವೇಗವಾಗಿ ಓಡುವವರನ್ನು ಬಿಡುವುದು ಕಡಮೆಯಾಗಿತ್ತು. ಓದಿನ ಮೇಲಾದ ಪ್ರತಿಕೂಲ ಪರಿಣಾಮ ಅಲ್ಪ.

ಇದರ ಮಿತಿಯನ್ನೂ ಹೇಳದಿದ್ದರೆ ವಿವರಣೆ ಅಪೂರ್ಣವಾಗುವುದು. ಭೂಮಿ, ಕೂಲಿ, ವಸತಿ ಇವುಗಳಲ್ಲಿರುವ ಅಸಮಾನತೆ ಗುಂಪುಪಾಠದಿಂದ ಅಳಿಯಲಾರದು. ಹಲ್ಲೆಯಾದಾಗ ಬೇಕಾದುದು ಕಾನೂನಿನ ರಕ್ಷಣೆ. ಅಲ್ಲಿ ಸ್ನೇಹಕೂಟವು ನ್ಯಾಯಕ್ಕೆ ಬದಲಿಯಾಗದು. ಅವಮಾನಕ್ಕೆ ಒಳಗಾದವನೇ ಮುಂದೆ ಬಂದು ಇತರರ ಮನಸ್ಸನ್ನು ತಿದ್ದಲಿ ಎಂದು ನಿರೀಕ್ಷಿಸುವುದೂ ಅನ್ಯಾಯ. ಆ ಹೊಣೆ ಕೊಠಡಿಯನ್ನು ಏರ್ಪಡಿಸುವವರದು.

ಆದರೆ ಕೊಠಡಿಯನ್ನು ಏರ್ಪಡಿಸುವುದರಲ್ಲಿ ವಿದ್ಯಾರ್ಥಿಗಳಿಗೂ ಪಾಲಿದೆ. ಮುಂದಿನ ಸಲ ಪ್ರಯೋಗಶಾಲೆಯಲ್ಲಿ ಜೊತೆಗಾರರನ್ನು ಆರಿಸುವಾಗ ಚೀಟಿ ಎತ್ತುವಂತೆ ನಿಮ್ಮ ಅಧ್ಯಾಪಕರನ್ನು ಕೇಳಿ ನೋಡಿ. ಒಬ್ಬರು ಸ್ಕ್ರೂಗೇಜನ್ನು ಹಿಡಿದು ಅಳತೆ ಓದಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಅರ್ಧದಲ್ಲಿ ಕೆಲಸವನ್ನು ಅದಲುಬದಲು ಮಾಡಿಕೊಳ್ಳಿ. ತಂತಿಯ ವ್ಯಾಸ ಯಾರು ಅಳೆದರೂ ಒಂದೇ ಬರಬೇಕು. ಬಾರದಿದ್ದರೆ ಇಬ್ಬರೂ ಒಟ್ಟಿಗೆ ಕುಳಿತು ತಪ್ಪನ್ನು ಹುಡುಕಬೇಕು.