ಜಂಟಿ ಠೇವಣಿ: ಒಬ್ಬರ ಸಾಲಕ್ಕೆ ಇಬ್ಬರ ಹಣ ತಡೆಯಬಹುದೇ?

ದೇವದುರ್ಗ: ಹತ್ತಿ, ಭತ್ತ ಮಾರಿ ಬಂದ ಹಣವನ್ನು ಪತಿ-ಪತ್ನಿ ಜಂಟಿ ಹೆಸರಿನಲ್ಲಿ ಠೇವಣಿ ಇಡುವ ಕುಟುಂಬಗಳು ದೇವದುರ್ಗ, ಮಾನ್ವಿ ಭಾಗದಲ್ಲಿ ಹಲವು. ಪತಿ ತನ್ನೊಬ್ಬನ ಹೆಸರಿನಲ್ಲಿ ಪಡೆದ ಸಾಲ ಸುಸ್ತಿಯಾಯಿತು ಎಂದಿಟ್ಟುಕೊಳ್ಳೋಣ. ಅವಧಿ ಮುಗಿದ ಠೇವಣಿ ಕೇಳಲು ಹೋದ ಪತ್ನಿಗೆ 'ಮೊದಲು ಸಾಲ ತೀರಿಸಿ' ಎಂದರೆ ಕಾನೂನು ಯಾರ ಪರ?

ಬ್ಯಾಂಕಿನ ಹಕ್ಕೇನು?

1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮಿನ ಪ್ರಕಾರ, ಗ್ರಾಹಕನಿಂದ ಬಾಕಿ ಬರಬೇಕಿದ್ದರೆ ತನ್ನ ವಶದಲ್ಲಿರುವ ಅವನ ಸ್ವತ್ತನ್ನು ಬ್ಯಾಂಕು ತಡೆಹಿಡಿಯಬಹುದು. ಇದೇ 'ಲಿಯನ್'. ಠೇವಣಿ ಹಣವಾದರೋ ಬ್ಯಾಂಕು ಗ್ರಾಹಕನಿಗೆ ಕೊಡಬೇಕಾದ ಸಾಲ. ಅದನ್ನು ಗ್ರಾಹಕನ ಬಾಕಿಗೆ ವಜಾ ಹಾಕಿಕೊಳ್ಳುವುದು 'ಸೆಟ್ ಆಫ್'. ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿದ್ದು, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡ ಸಿಂಡಿಕೇಟ್ ಬ್ಯಾಂಕ್ ಹಾಗೂ ವಿಜಯ ಕುಮಾರ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಠೇವಣಿ ರಸೀದಿಗಳ ಮೇಲೆ ಬ್ಯಾಂಕಿಗಿರುವ ಈ ಹಕ್ಕನ್ನು ಎತ್ತಿಹಿಡಿದಿದೆ.

ಮಿತಿ ಎಲ್ಲಿದೆ?

ವಜಾ ಹಾಕಿಕೊಳ್ಳಲು ಎರಡೂ ಬಾಕಿಗಳು ಅದೇ ವ್ಯಕ್ತಿಗಳ ನಡುವಿನವಾಗಿರಬೇಕು. ಜಂಟಿ ಠೇವಣಿಯಲ್ಲಿ ಬ್ಯಾಂಕು ಋಣಿಯಾಗಿರುವುದು ಇಬ್ಬರಿಗೆ, ಸಾಲಗಾರ ಒಬ್ಬನೇ. ಆದ್ದರಿಂದ ಬೇರೆ ಒಪ್ಪಂದವಿಲ್ಲದಿದ್ದರೆ ಒಬ್ಬರ ವೈಯಕ್ತಿಕ ಸಾಲಕ್ಕೆ ಇಬ್ಬರ ಹಣವನ್ನು ಮುರಿದುಕೊಳ್ಳುವಂತಿಲ್ಲ ಎಂಬುದು ಸಾಮಾನ್ಯ ನಿಯಮ.

ಅನುಮತಿ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕ್ ನಡುವಣ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಜಂಟಿ ಠೇವಣಿಯನ್ನು ಒಬ್ಬರು ಇನ್ನೊಬ್ಬರ ಸಮ್ಮತಿಯಿಲ್ಲದೆ ಅಡವಿಡಲಾಗದು ಎಂದು ಹೇಳಿತು. 'ಇಬ್ಬರಲ್ಲೊಬ್ಬರಿಗೆ ಅಥವಾ ಬದುಕುಳಿದವರಿಗೆ' ಎಂಬ ಸೂಚನೆಯು ಹಣವನ್ನು ಯಾರ ಕೈಗೆ ಕೊಡಬಹುದು ಎಂಬುದಕ್ಕೆ ಸಂಬಂಧಿಸಿದ್ದೇ ಹೊರತು ಒಬ್ಬರನ್ನೇ ಒಡೆಯರನ್ನಾಗಿ ಮಾಡುವುದಿಲ್ಲ.

ಸಹಿಯೇ ನಿರ್ಣಾಯಕ

ಆದರೆ ಇಬ್ಬರೂ ಸಾಲಪತ್ರಕ್ಕೆ ಸಹಿ ಮಾಡಿದ್ದರೆ ಚಿತ್ರ ಬದಲಾಗುತ್ತದೆ. ಅದೇ ಕಾಯ್ದೆಯ 43ನೇ ಕಲಮಿನಂತೆ ಪೂರ್ತಿ ಬಾಕಿಯನ್ನು ಅವರಲ್ಲಿ ಯಾರಿಂದಲಾದರೂ ಕೇಳಬಹುದು. ಪತ್ನಿ ಜಾಮೀನುದಾರಳಾಗಿದ್ದರೆ 128ನೇ ಕಲಮಿನಂತೆ ಆಕೆಯ ಹೊಣೆ ಸಾಲಗಾರನಷ್ಟೇ. ಇಬ್ಬರೂ ಒಪ್ಪಿ ಠೇವಣಿಯನ್ನು ಅಡವಿಟ್ಟಿದ್ದರೂ ಬ್ಯಾಂಕಿಗೆ ಹಕ್ಕುಂಟು. ಖಾತೆ ತೆರೆಯುವ ಅರ್ಜಿಯ ಸಣ್ಣ ಅಕ್ಷರಗಳಲ್ಲಿ 'ನಮ್ಮಲ್ಲಿ ಯಾರೊಬ್ಬರ ಬಾಕಿಗಾದರೂ' ಎಂಬ ಷರತ್ತು ಇದ್ದರೆ ಬ್ಯಾಂಕು ಅದನ್ನೇ ಮುಂದಿಡುತ್ತದೆ.

ಏನು ಮಾಡಬೇಕು?

ಹಣ ತಡೆದ ಕಾರಣವನ್ನು ಲಿಖಿತವಾಗಿ ಕೇಳಬೇಕು. ಬ್ಯಾಂಕು ಯಾವ ಪತ್ರ, ಯಾವ ಷರತ್ತನ್ನು ಆಧರಿಸಿದೆ ಎಂಬುದರ ಪ್ರತಿಯನ್ನು ಪಡೆಯಬೇಕು. ಲಿಖಿತ ದೂರಿಗೆ 30 ದಿನಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಅಲ್ಲಿ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.

ಶಾಖೆಯಲ್ಲಿ ಬಾಯಿಮಾತಿಗೆ ಒಪ್ಪಿ ಹಿಂತಿರುಗುವ ಮುನ್ನ ಪತ್ನಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಾಲದ ಕಾಗದದಲ್ಲಿ ನನ್ನ ಸಹಿ ಎಲ್ಲಿದೆ?