ನಿಮಗಿದು ಗೊತ್ತೆ? ಹೆಸರು ಬೇಡ, ಮೂರು ಚುಕ್ಕಿ ಸಾಕು!

ಒಂದೇ ಒಂದು ನಕ್ಷತ್ರದ ಹೆಸರು ಗೊತ್ತಿಲ್ಲದವರೂ ಕಂಪ್ಯೂಟರ್ ಟೆಲಿಸ್ಕೋಪಿಗೆ ಆಕಾಶದ ದಾರಿ ತೋರಿಸಬಹುದು. ಸೆಲೆಸ್ಟ್ರಾನ್ ಕಂಪನಿಯ ನೆಕ್ಸ್‌ಸ್ಟಾರ್ 130 ಎಸ್‌ಎಲ್‌ಟಿಯನ್ನೇ ನೋಡಿ. ಕಣ್ಣಿಗೆ ಬಿದ್ದ ಯಾವುದಾದರೂ ಮೂರು ಪ್ರಕಾಶಮಾನ ಚುಕ್ಕಿಗಳತ್ತ ಅದನ್ನು ತಿರುಗಿಸಿ ಗುಂಡಿ ಒತ್ತಿದರಾಯಿತು. ಅವು ಯಾವುವೆಂದು ಅದೇ ಪತ್ತೆ ಮಾಡುತ್ತದೆ! ಚಂದ್ರನಾದರೂ ಸರಿ, ಗುರುವಾದರೂ ಸರಿ. ಟವರಿನ ದೀಪ ಮಾತ್ರ ಬೇಡ.

ಗುಟ್ಟಿರುವುದು ಕೋನಗಳಲ್ಲಿ. ಮೂರು ಚುಕ್ಕಿಗಳ ನಡುವಿನ ಅಂತರವನ್ನು ಯಂತ್ರ ತನ್ನ ನೆನಪಿನಲ್ಲಿರುವ ಆಕಾಶಕ್ಕೆ ಹೋಲಿಸುತ್ತದೆ. ಚುಕ್ಕಿಗಳು ಒಂದೇ ಸಾಲಿನಲ್ಲಿರದೆ ದೂರ ದೂರ ಇದ್ದಷ್ಟೂ ಲೆಕ್ಕ ಪಕ್ಕಾ. ಆಮೇಲೆ ಶನಿ ಎಂದರೆ ಶನಿಯತ್ತ ಮೋಟಾರು ತಾನೇ ತಿರುಗುತ್ತದೆ.

ತಮಾಷೆಯೆಂದರೆ, ಈ ಕಂಪ್ಯೂಟರಿಗೆ ಕಣ್ಣೇ ಇಲ್ಲ. 130 ಮಿ.ಮೀ. ಅಗಲದ ನಿಮ್ನ ಕನ್ನಡಿ ಹಿಡಿದ ಬೆಳಕೆಲ್ಲ ನಮ್ಮ ಕಣ್ಣಿಗೇ. ಅದಕ್ಕೆ ಗೊತ್ತಿರುವುದು ಕೊಳವೆ ತಿರುಗಿದ ಲೆಕ್ಕ ಮತ್ತು ನಾವು ತುಂಬಿದ ಊರು, ದಿನಾಂಕ, ವೇಳೆ. ದಿನಾಂಕ ಒತ್ತುವಾಗ ಜೋಕೆ: ಅಮೆರಿಕದ ರೂಢಿಯಂತೆ ತಿಂಗಳು ಮೊದಲು. ಆಗಸ್ಟ್ 5 ಎಂದುಕೊಂಡು 05/08 ಒತ್ತಿದಿರೋ, ಅದರ ಪಾಲಿಗೆ ಅಂದು ಮೇ 8.