ಆಟದ ಬಯಲಿನಲ್ಲಿ ಮುಗಿದ ಕೈಗಳು

ಶಿರಾಡಿಯ ಘಟ್ಟವಿಳಿದು ಮಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಿಂದ ಸುಬ್ರಹ್ಮಣ್ಯದ ಹಾದಿ ಕವಲೊಡೆಯುವ ಎಡೆಯೇ ಗುಂಡ್ಯ. ಕಾಡಿನ ಹಳ್ಳಗಳು ಕೂಡಿ ಹೊಳೆಯಾದಂತೆ ಈ ಸೀಮೆಯಲ್ಲಿ ಜನವೂ ಕೂಡಿದೆ: ಗೌಡರು, ಮಲೆಕುಡಿಯರು, ಬ್ಯಾರಿಗಳು, ರಬ್ಬರಿನ ಕೃಷಿಯನ್ನು ನಂಬಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರು. ಇವರೆಲ್ಲರ ಮಕ್ಕಳೂ ಒಂದೇ ಬಯಲಿನಲ್ಲಿ ಕಬಡ್ಡಿಯಾಡುತ್ತಾರೆ.

ಕೆಲವು ವರ್ಷಗಳ ಹಿಂದೆ ಇಲ್ಲಿಯ ಶಾಲಾ ಕ್ರೀಡಾಕೂಟವೊಂದಕ್ಕೆ ಅತಿಥಿಯಾಗಿ ಹೋಗಿದ್ದೆ. ಅಂತಿಮ ಪಂದ್ಯಕ್ಕೆ ಮುನ್ನ ದೈಹಿಕ ಶಿಕ್ಷಣದ ಮಾಸ್ತರರು ತಮ್ಮ ತಂಡವನ್ನು ಸುತ್ತ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, ತಮ್ಮ ಇಷ್ಟದೈವದ ಸ್ತುತಿಯೊಂದನ್ನು ಹೇಳಿಕೊಟ್ಟರು. ಹುಡುಗರು ದನಿಗೂಡಿಸಿದರು. ಒಬ್ಬನ ಕೈಗಳು ಮಾತ್ರ ಪೂರ್ತಿ ಜೋಡಿಸದೆ, ಪೂರ್ತಿ ಇಳಿಯದೆ ನಡುವೆಯೇ ನಿಂತಿದ್ದವು. ಅವನು ಒಮ್ಮೆ ಗುರುವಿನ ಮುಖವನ್ನೂ ಒಮ್ಮೆ ಗೆಳೆಯರ ಮುಖವನ್ನೂ ನೋಡುತ್ತಿದ್ದ. ಮಾಸ್ತರರ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ. ಆದರೂ ಆ ಕೈಗಳು ನನ್ನ ಕಣ್ಣಿನಿಂದ ಮರೆಯಾಗಲಿಲ್ಲ.

ಇದೇ ಪ್ರಶ್ನೆ ಅಮೆರಿಕದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಎಂಬ ಊರಿನ ಸರಕಾರಿ ಪ್ರೌಢಶಾಲೆಯಲ್ಲಿ ಜೋಸೆಫ್ ಕೆನಡಿ ಎಂಬಾತ ಫುಟ್‌ಬಾಲ್ ತರಬೇತುದಾರ. ಪ್ರತಿ ಪಂದ್ಯದ ಕೊನೆಗೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುವುದು ಆತನ ರೂಢಿ. ಬರಬರುತ್ತ ಆಟಗಾರರೂ ಸುತ್ತ ನೆರೆದರು. 2015ರಲ್ಲಿ ಶಾಲಾಮಂಡಳಿ ತಡೆಯಿತು, ವ್ಯಾಜ್ಯ ಹೂಡಲಾಯಿತು. 2022ರ ಜೂನ್ 27ರಂದು ನ್ಯಾಯಾಲಯ 6–3ರ ಬಹುಮತದಿಂದ ಆತನ ಪರವಾಗಿ ತೀರ್ಪಿತ್ತಿತು: ಅದು ಆತನ ಸ್ವಂತ ಪ್ರಾರ್ಥನೆ, ಅದನ್ನು ಅಳಿಸುವ ಅಧಿಕಾರ ಶಾಲೆಗಿಲ್ಲ ಎಂದು. ನ್ಯಾಯಮೂರ್ತಿ ಸೋನಿಯಾ ಸೋಟೊಮೇಯರ್ ಅವರು ಇದನ್ನೊಪ್ಪಲಿಲ್ಲ. ಆಟಗಾರರು ತರಬೇತುದಾರನನ್ನು ಸುತ್ತುವರಿದ ಛಾಯಾಚಿತ್ರಗಳನ್ನೇ ತಮ್ಮ ಭಿನ್ನಮತದಲ್ಲಿ ಸೇರಿಸಿದರು. ಸೇರದಿದ್ದರೆ ಆಡುವ ಅವಕಾಶ ತಪ್ಪೀತೆಂದು ಮಗ ಅಂಜಿದನೆಂದು ತಂದೆ ಅಥವಾ ತಾಯಿಯೊಬ್ಬರು ದೂರಿದ್ದೂ ದಾಖಲೆಯಲ್ಲಿತ್ತು.

ನನ್ನ ಮನಸ್ಸು ನಿಲ್ಲುವುದು ಈ ಅಂಜಿಕೆಯ ಬಳಿ. ಕಬಡ್ಡಿಯ ತಂಡದಲ್ಲಿ ಕಣಕ್ಕಿಳಿಯುವವರು ಏಳೇ ಮಂದಿ. ಆ ಏಳು ಹೆಸರುಗಳನ್ನು ಬರೆಯುವ ಕೈ ಮಾಸ್ತರರದು. ಆ ಕೈಯೇ ಮುಗಿದು ನಿಂತಾಗ ಹುಡುಗನಿಗೆ ಅದು ಕೇವಲ ಭಕ್ತಿಯಾಗಿ ಕಾಣುವುದೇ? ಯಾರೂ ಒತ್ತಾಯಿಸಲಿಲ್ಲವೆಂಬ ಮಾತು ಸತ್ಯವೇ ಇರಬಹುದು. ಆದರೆ ಒತ್ತಾಯಕ್ಕೆ ಯಾವಾಗಲೂ ಬಾಯಿ ಬೇಕೆಂದಿಲ್ಲ.

ಯಕ್ಷಗಾನದ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಆಟ ತೊಡಗುವುದುಂಟೇ, ಶಾಲೆಯ ಆಟಕ್ಕೇಕೆ ಬೇರೆ ನಿಯಮ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಸುಲಭದ್ದಲ್ಲ. ಆದರೆ ಮೇಳವನ್ನು ಸೇರುವ ಕಲಾವಿದ ತಾನಾಗಿ ಸೇರುತ್ತಾನೆ. ಮಗುವಿಗೆ ಶಾಲೆಯೆಂಬುದು ಆಯ್ಕೆಯ ಮಾತಲ್ಲ. ಇದನ್ನರಿತೇ ನಮ್ಮ ಸಂವಿಧಾನದ 28ನೆಯ ವಿಧಿ, ಪೂರ್ತಿಯಾಗಿ ಸರಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿತು. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಗಳಲ್ಲಿಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಆರಾಧನೆಯಲ್ಲಿ ತೊಡಗಿಸಬಾರದೆಂದಿತು.

ಕೇರಳದಲ್ಲಿ 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ತಮ್ಮ ಮತದ ನಂಬಿಕೆಯಂತೆ ಹಾಡುತ್ತಿರಲಿಲ್ಲ, ಅಷ್ಟೆ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ಆಜ್ಞಾಪಿಸಿತು. ಮೌನವಾಗಿ ನಿಂತ ಮಗು ಅಗೌರವ ತೋರಿದಂತಲ್ಲವೆಂಬುದು ಅದರ ಸಾರ. ನಾಡಿನ ಹಾಡಿಗೇ ಈ ವಿನಾಯಿತಿಯಿರುವಾಗ ಮಾಸ್ತರರ ಸ್ತೋತ್ರಕ್ಕೆ ಇರಬೇಡವೇ? ಅನ್ಯರ ವಿಚಾರವನ್ನೂ ಧರ್ಮವನ್ನೂ ತಾಳಿಕೊಳ್ಳುವುದೇ ನಿಜವಾದ ಚಿನ್ನವೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಬಗೆದ ನಾಡು ನಮ್ಮದು.

ಮಾಸ್ತರರು ಪ್ರಾರ್ಥಿಸಬಾರದೆಂದು ನಾನು ಹೇಳುವುದಿಲ್ಲ. ಅದು ಅವರದಾಗಿಯೇ ಉಳಿಯಲಿ. ತಂಡಕ್ಕೆ ಅರೆನಿಮಿಷದ ಮೌನವನ್ನಷ್ಟೇ ಕೊಡಲಿ. ಆಗ ಒಬ್ಬ ಹುಡುಗ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುವನು. ಒಬ್ಬ ಎದೆಯ ಮೇಲೆ ಶಿಲುಬೆಯ ಗುರುತು ಮಾಡುವನು. ಒಬ್ಬ ತುಟಿಯೊಳಗೇ ಬಿಸ್ಮಿಲ್ಲಾ ಎನ್ನುವನು. ಇನ್ನೊಬ್ಬ ಏನನ್ನೂ ಹೇಳದೆ ಅಂಗಿಯ ತೋಳು ಮಡಚಿಕೊಳ್ಳುವನು. ಗೆರೆ ದಾಟಿದ ಮೇಲೆ ನಾಲ್ವರ ಬಾಯಲ್ಲೂ ಇರುವುದು ‘ಕಬಡ್ಡಿ, ಕಬಡ್ಡಿ’ ಎಂಬ ಒಂದೇ ಮಾತು.